ಪರೀಕ್ಷೆಗೆ ತಂದ ಮಂಚ

ಕಳೆದ ಮಾಘಮಾಸದಲ್ಲಿ ರಾಯಚೂರಿನ ನಮ್ಮ ಆಪ್ತರೊಬ್ಬರ ಮನೆಯಲ್ಲಿ ಮದುವೆಯ ಸಿದ್ಧತೆಯು ನಡೆದಿದ್ದಿತು. ಬೀಗರ ಕಡೆಯವರಿಗೆ ಹಾಸಿಗೆಗಳು ಸಾಲವೆಂದು ಮನೆಯ ಯಜಮಾನರು ಚಿಂತಿಸುತ್ತಿರಲು, ಅವರ ಕಿರಿಯ ಮಗನು, “ಅಪ್ಪಾ, ಚಿಂತಿ ಯಾಕ ಮಾಡ್ತೀರಿ? ನೂರು ರಾತ್ರಿ ಮಲಗಿ ನೋಡ್ರಿ, ಬ್ಯಾಡಾದ್ರ ವಾಪಸ್ ಕೊಡ್ರಿ ಅಂತ ಕಂಪನಿಯವರೇ ಹೇಳ್ತಾರ. ನಾಕು ಹಾಸಿಗಿ ತರಿಸೋಣ, ಮದುವಿ ಮುಗಿದ ಮ್ಯಾಲ ಕಳಿಸಿಬಿಡೋಣ” ಎಂದನು. ಕೂಡಿದ್ದವರೆಲ್ಲರೂ ನಕ್ಕರು. ಹುಡುಗನ ಬುದ್ಧಿಯನ್ನು ಮೆಚ್ಚಿದವರೂ ಇದ್ದರು. ನನಗೆ ಮಾತ್ರ ನಗು ಬರಲಿಲ್ಲ. ಅದರ ಕಾರಣವನ್ನು ಈ ಲೇಖನದ ಕೊನೆಯಲ್ಲಿ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆನು.

ಹುಡುಗನ ಮಾತು ಸುಳ್ಳಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ವೇಕ್‌ಫಿಟ್ ಎಂಬ ಸಂಸ್ಥೆಯು ತನ್ನ ಹಾಸಿಗೆಗಳಿಗೆ 100 ರಾತ್ರಿಗಳ ಪರೀಕ್ಷಾಕಾಲವನ್ನು ಸಾರಿ ಹೆಸರಾಯಿತು. ಕುರ್ಚಿ, ಮೇಜು, ಮಂಚ ಮುಂತಾದ ಮನೆಯ ಸಾಮಾನುಗಳನ್ನೂ ಕೊಂಡವರ ಮನಸ್ಸಿಗೆ ಬಾರದಿದ್ದರೆ ಹಿಂದಕ್ಕೆ ಪಡೆಯುವೆವೆಂದು ಹೇಳುವ ವ್ಯಾಪಾರಿಗಳು ಈಗ ಅನೇಕರಿರುವರು. ಇದರಿಂದ ಒಂದು ಧರ್ಮಪ್ರಶ್ನೆಯು ಹುಟ್ಟುವುದು. ಕೊಳ್ಳುವುದಕ್ಕೆ ಮೊದಲು ಮನೆಗೆ ತಂದ ವಸ್ತುವು ಆ ನಡುವಣ ದಿನಗಳಲ್ಲಿ ಯಾರದು? ಹಿಂದಿರುಗಿಸುವ ಅಧಿಕಾರವಿದ್ದ ಮಾತ್ರಕ್ಕೆ ಅದನ್ನು ಹೇಗೆ ಬೇಕಾದರೂ ಬಳಸಬಹುದೇ?

ಈ ಪದ್ಧತಿಯು ಹೊಸತೆಂದು ಬಹುಜನರ ಭಾವನೆ. ಆದರೆ ನಮ್ಮ ನಾಡಿನಲ್ಲಿಯೇ ಇದರ ವಿಚಾರವು ಬಹಳ ಹಿಂದೆ ನಡೆದಿರುವುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದ ಕಾಲದಲ್ಲಿ, ಈಗ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣ ಪಟ್ಟಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಲು ಕಾಲನಿಯಮವು ಹೇಳಲ್ಪಟ್ಟಿದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಎತ್ತು ಮುಂತಾದ ಹೊರುವ ಪ್ರಾಣಿಗಳಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಎಮ್ಮೆ ಆಕಳುಗಳಿಗೆ 3 ದಿನ. ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂತಲೂ ಇರುವುದನ್ನು ನಾವು ಮುಚ್ಚಿಡತಕ್ಕದ್ದಲ್ಲ. ಮನುಷ್ಯರನ್ನು ಮಾರುತ್ತಿದ್ದ ಕಾಲದ ಕಳಂಕವದು. ಆ ಭಾಗವನ್ನು ತ್ಯಜಿಸಿ ಉಳಿದುದರ ನ್ಯಾಯವನ್ನು ಮಾತ್ರ ವಿಚಾರಿಸೋಣ.

ಒಂದೊಂದಕ್ಕೆ ಒಂದೊಂದು ಅವಧಿಯು ಏಕೆ? ನನ್ನ ಅಲ್ಪಮತಿಗೆ ತೋರುವಂತೆ, ದೋಷವು ತನ್ನನ್ನು ತಾನು ತೋರಿಸಿಕೊಳ್ಳಲು ಎಷ್ಟು ಕಾಲ ಬೇಕೋ ಅಷ್ಟೇ ಕಾಲವನ್ನು ಕೊಡತಕ್ಕದ್ದೆಂಬುದೇ ಇದರ ತತ್ತ್ವವು. ಬೀಜವು ನೆಲವನ್ನು ಕಂಡು ಮೊಳೆಯಬೇಕು. ಎಮ್ಮೆಯನ್ನು ನಾಲ್ಕೈದು ಹೊತ್ತು ಕರೆದರೆ ಅದರ ಗುಣವು ತಿಳಿಯುವುದು. ಕಬ್ಬಿಣವಾದರೋ ಕುಲುಮೆಯಲ್ಲಿ ಒಂದೇ ಏಟಿಗೆ ಹೇಳಿಬಿಡುವುದು. ನಮ್ಮ ಸಂತೆಗಳಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ಬಂಡಿಗೆ ಹೂಡಿ ನೋಡುವ ರೈತನು ಇದೇ ನ್ಯಾಯವನ್ನು ಓದದೆಯೇ ಬಲ್ಲನು.

ಮರದ ಸಾಮಾನಿಗೂ ಇದು ಸಲ್ಲುವುದು. ಅಂಗಡಿಯಲ್ಲಿ ನೆಟ್ಟಗೆ ನಿಂತ ಮಂಚವು ಏರುತಗ್ಗಿನ ಫರಸಿಯ ಮೇಲೆ ಒಂದು ಕಾಲನ್ನು ಎತ್ತಿ ನಿಲ್ಲುವುದುಂಟು. ಕಟ್ಟಿಗೆಯು ಮಳೆಗಾಲದ ತೇವವನ್ನು ಹೀರಿ ಉಬ್ಬುವುದು. ನಮ್ಮ ಸೀಮೆಯ ಬೇಸಗೆಗೆ ಒಣಗಿ ಕುಗ್ಗುವುದು. ಹಸಿ ಮರದಿಂದ ಮಾಡಿದುದಾದರೆ ಬೆಸುಗೆಗಳು ಬಾಯಿಬಿಡುವುವು. ಮೇಲೆ ಬಣ್ಣ ಬಳಿದ ಬಳಿಕ ಒಳಗಿರುವುದು ಸಾಗವಾನಿಯೋ ಬೇರೆ ಮರವೋ ಎಂಬುದು ಮಾಡಿದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗೆ ಒಬ್ಬನು ಬಲ್ಲವನು, ಮತ್ತೊಬ್ಬನು ಅರಿಯದವನು ಆಗಿರಲು, ಅರಿಯದವನಿಗೆ ನೋಡುವ ಅವಕಾಶವನ್ನು ಕೊಡುವುದು ಉಪಕಾರವಲ್ಲ, ನ್ಯಾಯವೇ ಸರಿ.

ಹಿಂದಿನ ಹಳ್ಳಿಗಳಲ್ಲಿ ಇದಕ್ಕೆ ಬೇರೊಂದು ಉಪಾಯವಿದ್ದಿತು. ಊರ ಬಡಿಗನು ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ಆಯವನ್ನು ಒಯ್ಯುತ್ತಿದ್ದನು. ವರ್ಷವಿಡೀ ರೈತನ ಕುಂಟೆ, ಕೂರಿಗೆ, ಬಂಡಿಗಳನ್ನು ತಿದ್ದಿಕೊಡುತ್ತಿದ್ದನು. ಕೊಡುವವನೂ ಕೊಳ್ಳುವವನೂ ಒಂದೇ ಬಾವಿಯ ನೀರನ್ನು ಕುಡಿಯುತ್ತಿದ್ದುದರಿಂದ ಯಾವ ವ್ಯವಹಾರವೂ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಈಗ ಮಂಚವನ್ನು ಮಾಡಿದವನ ಮುಖವನ್ನು ನಾವು ಕಾಣೆವು. ಅವನು ನಮ್ಮ ಮುಖವನ್ನು ಕಾಣನು. ಆ ಪರಿಚಯದ ಸ್ಥಾನದಲ್ಲಿ ಈ ಪರೀಕ್ಷಾಕಾಲವು ಬಂದು ನಿಂತಿದೆ. ಆದುದರಿಂದ ಇದು ಕೇವಲ ವ್ಯಾಪಾರದ ಯುಕ್ತಿಯಲ್ಲ. ಅಪರಿಚಿತರ ನಡುವೆ ಕಟ್ಟಿದ ವಿಶ್ವಾಸದ ಸೇತುವೆಯು.

ಇನ್ನು ಆ ನಡುವಣ ದಿನಗಳಲ್ಲಿ ವಸ್ತುವು ಯಾರದೆಂಬ ಪ್ರಶ್ನೆ. 1930ರ ಸರಕು ಮಾರಾಟ ಕಾಯಿದೆಯ 24ನೆಯ ಕಲಮು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುವುದು. ಒಪ್ಪಿಗೆಯ ಮೇಲೆ ಕೊಟ್ಟ ಸರಕು, ಪಡೆದವನು ಒಪ್ಪಿದೆನೆಂದು ತಿಳಿಸುವ ವರೆಗೆ, ಮಾರುವವನದೇ. ಗೊತ್ತುಮಾಡಿದ ಅವಧಿಯು ಮೀರಿದರೂ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಅದು ಕೊಂಡವನದಾಗುವುದು. ಅವಧಿಯನ್ನು ಗೊತ್ತುಮಾಡದಿದ್ದರೆ ಯುಕ್ತವಾದಷ್ಟು ಕಾಲ. ಇವೆರಡಲ್ಲದೆ ಮೂರನೆಯದೊಂದುಂಟು: ವ್ಯವಹಾರವನ್ನು ಅಂಗೀಕರಿಸಿದಂತೆ ತೋರುವ ಕೃತ್ಯವನ್ನು ಪಡೆದವನು ಮಾಡಿದರೂ ಅದು ಅವನದೇ ಆಗುವುದು. ಬಾಯಿಂದ ಒಪ್ಪಿದೆನೆನ್ನದಿದ್ದರೂ ಒಡೆಯನಂತೆ ನಡೆದುಕೊಂಡವನು ಒಡೆಯನಾದನೆಂದೇ ಅರ್ಥವು. ಅಂದರೆ ಪರೀಕ್ಷೆಗೆಂದು ಬಂದ ವಸ್ತುವು ನಮ್ಮ ಶಾಸ್ತ್ರಗಳು ಹೇಳುವ ನಿಕ್ಷೇಪಕ್ಕೆ, ಎಂದರೆ ನಂಬಿ ಇಟ್ಟ ಒಡವೆಗೆ, ಸಮೀಪವಾದುದು. ಅದನ್ನು ನೋಡಲು ನಮಗೆ ಅನುಮತಿಯುಂಟು, ಭೋಗಿಸಲು ಇಲ್ಲ.

ನೋಡುವುದಕ್ಕೂ ಭೋಗಿಸುವುದಕ್ಕೂ ಎಲ್ಲೆ ಎಲ್ಲಿ? ನಾರದಸ್ಮೃತಿಯು ಇಲ್ಲಿ ಬಹಳ ಸೂಕ್ಷ್ಮವಾಗಿ ನಡೆದಿದೆ. ದೋಷವಿಲ್ಲದಿದ್ದರೂ ಕೊಂಡುದಕ್ಕೆ ಪಶ್ಚಾತ್ತಾಪಪಟ್ಟವನು ಅದೇ ದಿನ, ವಸ್ತುವು ಕೆಡದಂತೆ, ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯ 30ರಲ್ಲಿ 1 ಪಾಲನ್ನು ಬಿಡತಕ್ಕದ್ದು. ಮೂರನೆಯ ದಿನವಾದರೆ ಅದರ ಇಮ್ಮಡಿ. ಆಮೇಲೆ ಅದು ಅವನದೇ. ಒಮ್ಮೆ ಒಗೆದ ಬಟ್ಟೆಗೆ ಬೆಲೆಯ 8ರಲ್ಲಿ 1 ಪಾಲು ಕುಗ್ಗುವುದೆಂತಲೂ ಅಲ್ಲಿ ಲೆಕ್ಕವಿದೆ. ಆಶ್ಚರ್ಯವೇನೆಂದರೆ, ಯುರೋಪಿನ ಒಕ್ಕೂಟವು 2011ರಲ್ಲಿ ಮಾಡಿದ ನಿಯಮವೂ ಇದೇ ದಾರಿಯಲ್ಲಿ ಹೋಗುವುದು. ಅಂಗಡಿಗೆ ಹೋಗದೆ ದೂರದಿಂದ ಕೊಂಡವನು 14 ದಿನಗಳೊಳಗೆ ಕಾರಣ ಹೇಳದೆ ವ್ಯವಹಾರವನ್ನು ಬಿಡಬಹುದು. ಆದರೆ ವಸ್ತುವಿನ ಗುಣವನ್ನು ಅರಿಯಲು ಬೇಕಾದುದಕ್ಕಿಂತ ಹೆಚ್ಚಾಗಿ ಬಳಸಿ ಅದರ ಬೆಲೆಯನ್ನು ಕುಗ್ಗಿಸಿದ್ದರೆ ಆ ನಷ್ಟವು ಅವನ ಮೇಲೆಯೇ. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಾದರೋ ದೋಷವುಳ್ಳ ಸರಕನ್ನು, ರಸೀದಿಯಲ್ಲಿ ಅವಧಿಯನ್ನು ಕಾಣಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರವೆಂದು ಎಣಿಸಿದೆ. ದೋಷ ಬೇರೆ, ಮನಸ್ಸಿನ ಚಾಂಚಲ್ಯ ಬೇರೆ ಎಂಬ ವಿವೇಕವು ಎಲ್ಲ ಕಡೆಯೂ ಕಾಣುವುದು.

ಮಾರುವವರೆಲ್ಲರೂ ಸಾಧುಗಳೆಂದು ನಾನು ಹೇಳುತ್ತಿಲ್ಲ. ಮನೆಗೆ ಬಂದ ವಸ್ತುವಿನ ಮೇಲೆ ಮಮಕಾರವು ಬಹುಬೇಗನೆ ಬೆಳೆಯುವುದು. ಮೂವರು ವಿದ್ವಾಂಸರು, ಕಾನೆಮನ್, ನೆಟ್ಷ್ ಮತ್ತು ಥೇಲರ್ ಎಂಬವರು, 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳ ಕೈಗೆ ಸಾಧಾರಣ ಬಟ್ಟಲುಗಳನ್ನು ಕೊಟ್ಟರು. ಅವುಗಳನ್ನು ಕೊಳ್ಳಬಯಸಿದವರು ಕೊಡಲೊಪ್ಪಿದ ಬೆಲೆಗೆ ಸುಮಾರು ಇಮ್ಮಡಿಯನ್ನು ಬಟ್ಟಲು ಪಡೆದವರು ಕೇಳಿದರು. ಗಳಿಗೆಯ ಹಿಂದೆ ಬಂದ ಬಟ್ಟಲಿನ ಮೇಲೆ ಇಷ್ಟು ಮಮತೆಯಿರಲು, ವಾರವೆಲ್ಲ ಮಲಗಿದ ಮಂಚದ ಮೇಲೆ ಎಷ್ಟಿರಬೇಕು? ಇದನ್ನು ಬಲ್ಲ ವ್ಯಾಪಾರಿಯು ನೋಡಲು ಕೊಟ್ಟಂತೆ ಮಾಡಿ, ನಮ್ಮ ಮಮಕಾರವನ್ನೂ ಆಲಸ್ಯವನ್ನೂ ನೆಚ್ಚಿ ಕುಳಿತರೆ ಅದೂ ಒಂದು ಬಗೆಯ ವಂಚನೆಯೇ. ಅವಧಿಯನ್ನೂ, ಹಿಂದಿರುಗಿಸುವ ಖರ್ಚು ಯಾರದೆಂಬುದನ್ನೂ ಮೊದಲೇ ಬಿಚ್ಚಿ ಹೇಳುವುದು ಅವನ ಧರ್ಮವು.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: “ದೊಡ್ಡ ಸಂಸ್ಥೆಗಳು ಹಿಂದಿರುಗುವ ಸರಕಿನ ನಷ್ಟವನ್ನು ಮೊದಲೇ ಬೆಲೆಯಲ್ಲಿ ಸೇರಿಸಿರುವುವು. ಹೀಗಿರಲು ನಾಲ್ಕು ಹಾಸಿಗೆಗಳನ್ನು ಮದುವೆಗೆ ಬಳಸಿ ಕಳುಹಿಸಿದರೆ ಯಾರಿಗೆ ಹಾನಿ?” ಬೆಲೆಯಲ್ಲಿ ಸೇರಿಸಿರುವರೆಂದರೆ ಆ ಬೆಲೆಯನ್ನು ತೆರುವವರು ಯಾರು? ಪ್ರಾಮಾಣಿಕವಾಗಿ ಕೊಂಡು ಇಟ್ಟುಕೊಳ್ಳುವವರು. ನಮ್ಮ ಬೀಗರ ನಿದ್ರೆಗೆ ಅವರು ಹಣ ತೆತ್ತಂತಾಯಿತು. ಅದೂ ಇರಲಿ. ನಷ್ಟವನ್ನು ಬೆಲೆಯಲ್ಲಿ ಸೇರಿಸಲಾರದ ಚಿಕ್ಕವನ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ಆ ಅರಿಕೆಯನ್ನು ಈಗ ಮಾಡುವೆನು.

ಇಪ್ಪತ್ತು ವರ್ಷಗಳಿಗೂ ಹಿಂದೆ, ನಾನು ಮಟಮಾರಿಯಲ್ಲಿ ಮಾಸ್ತರನಾಗಿದ್ದಾಗ, ಹಿರಿಯ ಮಗಳ ಸಂಬಂಧದ ಮಾತುಕತೆಗೆಂದು ಬೀಗರಾಗತಕ್ಕವರು ನಮ್ಮ ಮನೆಗೆ ಬಂದು ಮೂರು ದಿನ ಉಳಿಯುವವರಿದ್ದರು. ಮನೆಯಲ್ಲಿ ನೆಟ್ಟಗಿನ ಮಂಚವಿರಲಿಲ್ಲ. ಪರಿಚಿತ ಬಡಿಗೇರರೊಬ್ಬರು ಸಾಗವಾನಿಯ ಮಂಚವೊಂದನ್ನು ಮಾಡಿಟ್ಟಿದ್ದರು. “ಎಂಟು ದಿನ ಮನ್ಯಾಗ ಇಟ್ಕೊಂಡು ನೋಡ್ರಿ ಮಾಸ್ತರ್ರೇ. ಮನಸಿಗೆ ಬಂದ್ರ ರೊಕ್ಕ ಕೊಡ್ರಿ, ಇಲ್ಲಾಂದ್ರ ಮಂಚ ಕೊಡ್ರಿ” ಎಂದು ಅವರೇ ಹೊರಿಸಿ ಕಳುಹಿಸಿದರು. ಕೊಳ್ಳುವ ಸಂಕಲ್ಪವು ನನಗೆ ಆಗಲೇ ಇರಲಿಲ್ಲ. ಬೀಗರು ಮಂಚವನ್ನು ಸವರಿ ನೋಡಿ ಹೊಗಳಿದಾಗ, “ಈಗಷ್ಟೇ ಮಾಡಿಸಿದ್ದು” ಎಂದೆನು. ಕಾಯಿದೆಯ ನ್ಯಾಯದಿಂದ ನೋಡಿದರೂ, ಶಾಸ್ತ್ರದ ನ್ಯಾಯದಿಂದ ನೋಡಿದರೂ, ಆ ಮಾತನ್ನು ಆಡಿದ ಗಳಿಗೆಯಲ್ಲಿಯೇ ನಾನು ಮಂಚವನ್ನು ಕೊಂಡಾಗಿದ್ದಿತು.

ಎಂಟನೆಯ ದಿನ ಅದನ್ನು ಹಿಂದಕ್ಕೆ ಕಳುಹಿಸಿದೆನು. ಕಾರಣ ಕೇಳಿದ್ದಕ್ಕೆ, ಮಂಚವು ಕಿರುಗುಟ್ಟುತ್ತದೆ ಎಂದೆನು. ಬಡಿಗೇರರು ಅದರ ಮೇಲೆ ಕುಳಿತು ನಾಲ್ಕೂ ಮೂಲೆಗಳನ್ನು ಒತ್ತಿ ನೋಡಿದರು. ಸದ್ದಿಲ್ಲ. “ಇರಲಿ ಬಿಡ್ರಿ ಮಾಸ್ತರ್ರೇ, ನಿಮ್ಮನಿ ನೆಲದಾಗ ಸಪ್ಪಳ ಮಾಡಿರಬೇಕು” ಎಂದು ಒಳಗೆ ಇಡಿಸಿದರು. ಮಾಸ್ತರರ ಮನೆಯಿಂದ ತಿರುಗಿ ಬಂದ ಮಂಚವೆಂಬ ಸುದ್ದಿಯು ಊರಲ್ಲಿ ಹರಡಿತು. ನನ್ನ ಮಾತಿಗೆ ಊರಿನಲ್ಲಿ ಬೆಲೆಯಿದ್ದುದೇ ಆ ಮಂಚದ ಬೆಲೆಯನ್ನು ಇಳಿಸಿತು. ಕೆಲವು ತಿಂಗಳ ಮೇಲೆ ಅದು ಅಗ್ಗಕ್ಕೆ ಹೋಯಿತು. ಆಮೇಲೆ ಅವರು ಯಾರಿಗೂ ಏನನ್ನೂ ನೋಡಲೆಂದು ಕೊಡಲಿಲ್ಲ. ಕೂಲಿಯವನೊಬ್ಬನು ಮಗುವಿಗೆ ತೊಟ್ಟಿಲು ಕೇಳಲು ಬಂದು, ಮೊದಲು ರೊಕ್ಕ ಎಂಬ ಮಾತನ್ನು ಕೇಳಿ ಹಿಂದಿರುಗಿದುದನ್ನು ನಾನೇ ಕಂಡೆನು. ನಾನು ಕದ್ದುದು ಎಂಟು ದಿನದ ಮಂಚವನ್ನಷ್ಟೇ ಅಲ್ಲ. ನನ್ನ ಹಿಂದೆ ಬರುವವರಿಗಾಗಿ ತೆರೆದಿದ್ದ ಬಾಗಿಲನ್ನು. ಪರೀಕ್ಷೆಯ ಅವಕಾಶವು ಒಬ್ಬನ ಸೊತ್ತಲ್ಲ, ಅದು ಊರ ಸೊತ್ತು. ಒಬ್ಬನು ಕೆಡಿಸಿದರೆ ಎಲ್ಲರಿಗೂ ಕೆಡುವುದು. ಅದನ್ನು ಮೊದಲು ಕಳೆದುಕೊಳ್ಳುವವನು ಬಡವನು.

ಆದುದರಿಂದ ನನಗೆ ತೋರುವ ನಿಯಮಗಳು ಮೂರು. ತರುವಾಗ, ಒಪ್ಪಿದರೆ ಕೊಳ್ಳುವೆನೆಂಬ ಸಂಕಲ್ಪವಿರಬೇಕು. ಇಟ್ಟುಕೊಂಡಾಗ, ಗುಣವನ್ನು ಅರಿಯಲು ಬೇಕಾದಷ್ಟೇ ಬಳಸಬೇಕು. ಹಿಂದಿರುಗಿಸುವಾಗ, ತಡಮಾಡದೆ, ನಿಜವಾದ ಕಾರಣವನ್ನೇ ಹೇಳಬೇಕು. ಕೊಳ್ಳುವ ಶಕ್ತಿಯಿಲ್ಲದೆ ನಾಲ್ಕು ದಿನದ ಬಳಕೆ ಮಾತ್ರ ಬೇಕಾದವನಿಗೆ ಬಾಡಿಗೆಯೆಂಬ ನೇರ ದಾರಿಯು ಇದ್ದೇ ಇದೆ. ರಾಯಚೂರಿನ ಆ ಹುಡುಗನಿಗೆ ಈ ಕಥೆಯನ್ನು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಮಿಯಾನದವರಲ್ಲಿಗೆ ಹೋಗಿ ಹಾಸಿಗೆಗಳನ್ನು ಬಾಡಿಗೆಗೆ ತಂದನು.

ಬಡಿಗೇರರ ಋಣವನ್ನು ತೀರಿಸಬೇಕೆಂಬ ಬುದ್ಧಿಯು ನನಗೆ ಬರುವಷ್ಟರಲ್ಲಿ ಅವರು ತೀರಿಹೋಗಿದ್ದರು. ಅವರ ಮಗನು ಹಣವನ್ನು ಮುಟ್ಟಲಿಲ್ಲ. “ಅಪ್ಪ ಲೆಕ್ಕ ಇಟ್ಟಿದ್ದಿಲ್ರೀ” ಎಂದನು. ಹಣದಿಂದ ತೀರದ ಸಾಲವನ್ನು ಮಾತಿನಿಂದಲಾದರೂ ತೀರಿಸಲು ಯತ್ನಿಸುವೆನು. ನಾನು ಅಂದು ಆಡಿದ ಮಾತು ಸುಳ್ಳು. ಆ ಮಂಚವು ಕಿರುಗುಟ್ಟಲಿಲ್ಲ.