ಹೇಳುವುದೋ, ಮುಚ್ಚಿಡುವುದೋ?

ರೋಗಿಗೆ ಎಷ್ಟು ಹೇಳಬೇಕು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ರೋಗದ ಹೆಸರಿನ ಬಳಿಯೇ ನಿಂತುಬಿಡುತ್ತದೆ. ಔಷಧದ ವಿಷಯದಲ್ಲೂ ಅದು ಏಳುತ್ತದೆಂದು ನನಗೆ ತಿಳಿದದ್ದು ಡೊಂಬಿವಲಿಯಲ್ಲಿ ನಮ್ಮ ಭಾವನವರು ಹಾಸಿಗೆ ಹಿಡಿದಾಗ.

ಕ್ಯಾನ್ಸರ್ ಗಡ್ಡೆ ನರವನ್ನು ಒತ್ತಿದಾಗ ಬರುವ ನೋವು ಗಾಯದ ನೋವಿನಂತಲ್ಲ. ಉರಿ, ಚುಚ್ಚು, ವಿದ್ಯುತ್ತು ತಗುಲಿದಂಥ ಸೆಳೆತ. ಸಾಮಾನ್ಯ ಗುಳಿಗೆಗಳಿಗೆ ಅದು ಸುಲಭವಾಗಿ ಬಗ್ಗದು. ಆದ್ದರಿಂದ ವೈದ್ಯರು ಮೂರ್ಛೆರೋಗಕ್ಕೆಂದು ಮೊದಲು ಬಂದ ಗ್ಯಾಬಪೆಂಟಿನ್, ಅದೇ ಜಾತಿಯ ಪ್ರಿಗ್ಯಾಬಲಿನ್ ಮುಂತಾದವನ್ನು ಕೊಡುತ್ತಾರೆ. ತೂಕಡಿಕೆ, ತಲೆಸುತ್ತು ಸಾಮಾನ್ಯ. ಕೈಕಾಲು ತಟಕ್ಕನೆ ಅದುರುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ವಿರಳ. ಔಷಧದ ಮಾಹಿತಿ ಪತ್ರಗಳ ಭಾಷೆಯಲ್ಲಿ ವಿರಳವೆಂದರೆ 1,000ದಲ್ಲಿ ಒಬ್ಬರಿಂದ 100ರಲ್ಲಿ ಒಬ್ಬರವರೆಗೆ. ಈ ಔಷಧಗಳು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಅದು ಸೋತವರಲ್ಲಿ ಮೈಯಲ್ಲೇ ಶೇಖರವಾಗುತ್ತವೆ.

ವಿಜ್ಞಾನ ಓದಿದವನೆಂಬ ಹಮ್ಮಿನಿಂದ ಆ ಪತ್ರವನ್ನು ಓದಿದವನು ನಾನು. ಮಡಚಿ ಕಿಸೆಗೆ ಹಾಕಿದವನೂ ನಾನೇ. ನೊಂದವರನ್ನು ಇನ್ನಷ್ಟು ಹೆದರಿಸುವುದೇಕೆಂಬುದು ನನ್ನ ತರ್ಕ. ಕೆಲವು ದಿನಗಳಲ್ಲಿ ಭಾವನವರಿಗೆ ರಾತ್ರಿ ಗೋಡೆಯ ಬಳಿ ಯಾರೋ ಮಕ್ಕಳು ಕುಳಿತಂತೆ ಕಾಣತೊಡಗಿತು. ಬುದ್ಧಿ ಕೆಡುತ್ತಿದೆಯೆಂದು ಮೂರು ರಾತ್ರಿ ಒಬ್ಬರೇ ನಡುಗಿದರು. ಕೊನೆಗೆ ಅಕ್ಕನ ಕೈಹಿಡಿದು ಅತ್ತಾಗ ವಿಷಯ ಹೊರಬಿತ್ತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಔಷಧದ ಪ್ರಮಾಣ ಇಳಿಸಿದರು, ಮಕ್ಕಳು ಮಾಯವಾದರು.

"ಮೊದಲೇ ಗೊತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲವಲ್ಲೋ" ಎಂದರು ಭಾವ. ನನಗೆ ಉತ್ತರವಿರಲಿಲ್ಲ.

ಹಾಗೆಂದು ಪತ್ರದಲ್ಲಿರುವುದನ್ನೆಲ್ಲ ರೋಗಿಯ ಮುಂದೆ ಪಾರಾಯಣ ಮಾಡಬೇಕೆ? ಬೇಡ. ಅದೂ ಒಂದು ಕ್ರೌರ್ಯವೇ. ಆದರೆ ಯಾವುದನ್ನು ರೋಗಿಯು ಹುಚ್ಚೆಂದೋ ಸಾವೆಂದೋ ತಪ್ಪು ತಿಳಿಯಬಹುದೋ ಅದನ್ನಾದರೂ ಹೇಳಬೇಕು. "ಹೀಗಾದರೆ ನಮಗೆ ತಿಳಿಸಿ, ದಾರಿಯಿದೆ" ಎಂಬ ಮಾತನ್ನೂ ಸೇರಿಸಬೇಕು. ಔಷಧವನ್ನು ನಾವಾಗಿ ಹಠಾತ್ತನೆ ನಿಲ್ಲಿಸುವುದು ಮಾತ್ರ ಅಪಾಯ. ಅದು ವೈದ್ಯರ ಕೆಲಸ.

ಪ್ರಮಾಣ ಇಳಿದಾಗ ಉರಿ ಸ್ವಲ್ಪ ಮರಳಿತು. "ಇರಲಿ, ಮೊಮ್ಮಗಳು ಬಂದಾಗ ಎಚ್ಚರವಿದ್ದರೆ ಸಾಕು" ಎಂದು ಭಾವನವರೇ ತೀರ್ಮಾನಿಸಿದರು. ಇನ್ನೊಬ್ಬರು ನೋವಿಲ್ಲದ ನಿದ್ದೆಯನ್ನೇ ಬಯಸಬಹುದು; ಅದೂ ಸರಿಯೇ. ನಮ್ಮ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಅವೇದನಾ ಸದನ, ಗುಣವಾಗದವರಿಗೂ ಆರೈಕೆ ಸಲ್ಲಬೇಕೆಂದು ದೇಶಕ್ಕೆ ಮೊದಲು ತೋರಿಸಿಕೊಟ್ಟಿತು. ಆ ಆರೈಕೆಯಲ್ಲಿ ಆಯ್ಕೆಯ ಹಕ್ಕೂ ಸೇರಿದೆ. ತಿಳಿಯದವನು ಆಯ್ದುಕೊಳ್ಳುವುದಾದರೂ ಹೇಗೆ?