ಉಗುರು ಸಿಕ್ಕುವ ಗೀರು



ತಪಸ್ಸುಕಾಲದ ಮೊದಲ ಶನಿವಾರ ನಾವು ಯುವಜನರು ಗುರುಗಳ ಹಳೆಯ ಕಾರು ತೊಳೆದೆವು. ನೆರಳಲ್ಲಿ ಚೆನ್ನಾಗಿದ್ದ ಬಣ್ಣ ಬಿಸಿಲಿಗೆ ಬಂದಾಗ ಮಂಕು, ಮೈತುಂಬ ಬಲೆಯಂಥ ಗೀರು. ವಾರವಾರ ಒಣಬಟ್ಟೆಯಲ್ಲಿ ಧೂಳು ಉಜ್ಜಿದವರು ನಾವೇ! ವ್ಯಾಕ್ಸ್ ಬಳಿದರೆ ಸಣ್ಣ ಗೀರು ಮರೆಯಾಗುತ್ತದೆ, ಕೆಲವು ಸಲ ತೊಳೆದರೆ ಮತ್ತೆ ಕಾಣುತ್ತದೆ. ಪಾಲಿಶ್ ಹಾಗಲ್ಲ, ಮೇಲಿನ ಕ್ಲಿಯರ್‌ಕೋಟನ್ನೇ ತುಸು ತೇಯ್ದು ಸಮಮಾಡುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಅದೂ ಸಾಲದು, ಬಣ್ಣವನ್ನೇ ತುಂಬಬೇಕು.

ಕ್ರಿಸ್ಮಸ್ ಪೂಜೆಯ ಭಾಷೆಗಾಗಿ ತಮಿಳು ಗೆಳೆಯರೊಂದಿಗೆ ಜಗಳವಾಡಿ, ಕೇಕ್ ಹಂಚಿ ಮುಚ್ಚಿದೆವು. ಅದು ವ್ಯಾಕ್ಸ್. ಈಗಲೂ ಮಾತಾಡುವಾಗ ಉಗುರು ಸಿಕ್ಕುತ್ತಿದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗಲು ಯೇಸು ಹೇಳಿದ್ದಾರೆ (ಮತ್ತಾಯ 5:23-24). ಈ ಭಾನುವಾರ ಪೂಜೆಗೆ ಮುಂಚೆ ನಾವು ಅವರ ಮನೆಗಳಿಗೆ ಹೋಗುತ್ತಿದ್ದೇವೆ, ಕೇಕ್ ಇಲ್ಲದೆ.