ಬೆಳ್ಳಿ ಬಟ್ಟಲಿನ ನೀರು

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯಲ್ಲಿ ಪ್ರಾಸ ಎಷ್ಟು ಸಲೀಸಾಗಿ ಕೂತಿದೆಯೆಂದರೆ, ಒಳಗಿನ ಲೆಕ್ಕಾಚಾರ ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಹೋಳಿಗೆ ಬಡಿಸಿದವರ ಮಾತು ಇಲ್ಲಿಲ್ಲ. ಎಲೆಯ ತುದಿಗೆ ಬೀಳುವ ಚಿಟಿಕೆ ಉಪ್ಪಿನ ಮಾತು. ಕೊಟ್ಟದ್ದು ಚಿಟಿಕೆಯಷ್ಟು, ನೆನೆಯಬೇಕಾದದ್ದು ಆಯುಷ್ಯದಷ್ಟು. ಅದಕ್ಕಿಂತ ಸೂಕ್ಷ್ಮವಾದದ್ದು ಕೊನೆಯ ಪದ. ಗಾದೆ ‘ತೀರಿಸು’ ಎನ್ನುವುದಿಲ್ಲ, ‘ನೆನೆ’ ಎನ್ನುತ್ತದೆ. ಉಪ್ಪಿಟ್ಟವರು ದೂರದೇಶದಲ್ಲಿದ್ದರೆ, ಸತ್ತೇ ಹೋಗಿದ್ದರೆ, ತೀರಿಸುವುದಾದರೂ ಯಾರಿಗೆ?

ಏಳನೇ ಶತಮಾನದ ಇಟಲಿಯಲ್ಲಿ ಈ ಪ್ರಶ್ನೆ ಎದುರಾದದ್ದು ಪೆರ್ಕ್ತರಿತ್ ಎಂಬ ಲೊಂಬಾರ್ಡ್ ದೊರೆಗೆ.

ಅವನಪ್ಪ ಅರಿಪೆರ್ಟ್ 661ರಲ್ಲಿ ಸಾಯುವಾಗ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡಿದ. ಪೆರ್ಕ್ತರಿತ್ ಮಿಲಾನಿನಲ್ಲಿ ಕೂತ, ಸೋದರ ಗೋದೆಪೆರ್ಟ್ ಪವಿಯಾದಲ್ಲಿ. ಪಾಲಾದ ಮನೆಯಲ್ಲಿ ಜಗಳ ಹತ್ತಲು ಎಷ್ಟು ಹೊತ್ತು? ಗೋದೆಪೆರ್ಟ್ ಸೋದರನ ವಿರುದ್ಧ ನೆರವು ಕೋರಿ ದಕ್ಷಿಣದ ಬೆನೆವೆಂತೊದ ಅಧಿಪತಿ ಗ್ರಿಮೊವಾಲ್ಡನಿಗೆ ಹೇಳಿಕಳಿಸಿದ. ಗ್ರಿಮೊವಾಲ್ಡ್ ಬಂದ, ಕರೆದವನನ್ನೇ ಕೊಂದ, ಸಿಂಹಾಸನ ಏರಿದ. ಪೆರ್ಕ್ತರಿತ್ ಹೆಂಡತಿ ರೊಡೆಲಿಂಡಳನ್ನೂ ಪುಟ್ಟ ಮಗನನ್ನೂ ಬಿಟ್ಟು ಅವಾರರ ನಾಡಿಗೆ ಓಡಿದ. ಅವಾರರೆಂದರೆ ಡ್ಯಾನ್ಯೂಬ್ ಬಯಲಿನ ಕುದುರೆ ಸವಾರರು, ಕ್ರೈಸ್ತರ ಬಾಯಲ್ಲಿ ‘ಅನ್ಯಧರ್ಮೀಯರು’. ಅವರ ದೊರೆ ಅವನಿಗೆ ಆಶ್ರಯ ಕೊಟ್ಟ.

ಆಶ್ರಯ ಬಹಳ ದಿನ ಉಳಿಯಲಿಲ್ಲ. ಅವನನ್ನು ಇಟ್ಟುಕೊಂಡರೆ ನಮ್ಮಿಬ್ಬರ ನಡುವೆ ಶಾಂತಿ ಇರದು ಎಂದು ಗ್ರಿಮೊವಾಲ್ಡ್ ಹೇಳಿಕಳಿಸಿದ. ಪೆರ್ಕ್ತರಿತ್ ಆಗ ಇಟ್ಟ ಹೆಜ್ಜೆ ವಿಚಿತ್ರದ್ದು: ಸೋದರನನ್ನು ಕೊಂದವನ ಕಾಲಿಗೇ ಬಂದು ಬಿದ್ದ. ಗ್ರಿಮೊವಾಲ್ಡ್ ಎತ್ತಿ ಮುತ್ತಿಟ್ಟ, ಅಭಯದ ಆಣೆ ಮಾಡಿದ, ಪವಿಯಾದಲ್ಲಿ ಮನೆ ಕೊಟ್ಟ. ಆದರೆ ಹಳೆಯ ದೊರೆಯನ್ನು ನೋಡಲು ಊರ ಜನ ಗುಂಪುಗಟ್ಟಿ ಬರತೊಡಗಿದರು. ಚಾಡಿಕೋರರಿಗೆ ಅಷ್ಟು ಸಾಕಾಯಿತು.

ಮುಂದಿನದು ಎಂಟನೇ ಶತಮಾನದ ಕೊನೆಯಲ್ಲಿ ಪಾದ್ರಿ ಪೌಲ ತನ್ನ ಲೊಂಬಾರ್ಡರ ಚರಿತ್ರೆಯಲ್ಲಿ ಬರೆದಿಟ್ಟ ರಾತ್ರಿ. ಬೆಳಗ್ಗೆ ಕೊಲ್ಲುವುದೆಂದು ಗೊತ್ತುಮಾಡಿಕೊಂಡ ಗ್ರಿಮೊವಾಲ್ಡ್ ಸಂಜೆ ಅರಮನೆಯಿಂದ ಬಗೆಬಗೆಯ ಭಕ್ಷ್ಯ, ದ್ರಾಕ್ಷಾರಸ ಕಳಿಸಿದ. ಕುಡಿದು ಮಲಗಿದರೆ ಕೆಲಸ ಹಗುರ. ತಟ್ಟೆ ಹೊತ್ತು ಬಂದವರಲ್ಲಿ ಒಬ್ಬ ಹಿಂದೆ ಅರಿಪೆರ್ಟನ ಸೇವೆಯಲ್ಲಿದ್ದವನು. ನಮಸ್ಕರಿಸುವವನಂತೆ ಮೇಜಿನ ಕೆಳಗೆ ತಲೆ ಬಾಗಿಸಿ, ನಿಮ್ಮ ಜೀವಕ್ಕೆ ಸಂಚು ನಡೆದಿದೆ ಎಂದು ಪಿಸುಗುಟ್ಟಿದ. ಅಪ್ಪ ಇಟ್ಟ ಉಪ್ಪು ಮಗನ ಕಿವಿಗೆ ಬಂದು ತಲುಪಿತು ಅನ್ನಬೇಕು. ಪೆರ್ಕ್ತರಿತ್ ಕೂಡಲೇ ತನ್ನ ಬೆಳ್ಳಿ ಬಟ್ಟಲಿಗೆ ಬರಿಯ ನೀರು ಹಾಕಿಸಿದ. ದೊರೆಯ ಹೆಸರಿನಲ್ಲಿ ಒಂದೇ ಗುಟುಕಿಗೆ ಮುಗಿಸಿ ಎಂದು ಬಂದವರು ಒತ್ತಾಯಿಸಿದಾಗಲೆಲ್ಲ ಗಟಗಟ ಕುಡಿದ. ಅವನ ಕುಡಿತದ ಸುದ್ದಿ ಕೇಳಿ ಗ್ರಿಮೊವಾಲ್ಡ್ ನಕ್ಕನಂತೆ.

ಕಾವಲುಗಾರರು ಮನೆ ಸುತ್ತುವರಿದಿದ್ದರು. ಗೆಳೆಯ ಉನುಲ್ಫ್ ಹಾಸಿಗೆ, ಹೊದಿಕೆ, ಮೇಲೊಂದು ಕರಡಿ ಚರ್ಮ ಎಲ್ಲವನ್ನೂ ಪೆರ್ಕ್ತರಿತನ ಬೆನ್ನಿಗೆ ಹೇರಿ, ಹಳ್ಳಿಗಮಾರ ಆಳನ್ನು ಅಟ್ಟುವಂತೆ ಕೋಲಿನಿಂದ ಬಾರಿಸುತ್ತ, ಬೈಯುತ್ತ ಹೊರಗೆ ಹೊರಡಿಸಿದ. ಕೇಳಿದ ಕಾವಲಿನವರಿಗೆ, ಈ ದರಿದ್ರದವನು ನನ್ನ ಹಾಸಿಗೆಯನ್ನು ಆ ಕುಡುಕನ ಕೋಣೆಯಲ್ಲಿ ಹಾಸಿದ್ದಾನೆ ಎಂದು ಸಿಡುಕಿದ. ದೊರೆಯ ಬೆನ್ನಿಗೆ ಬಿದ್ದ ಆ ಏಟುಗಳಷ್ಟು ಪ್ರೀತಿಯ ಏಟು ಚರಿತ್ರೆಯಲ್ಲಿ ಕಡಿಮೆ. ಕೋಟೆಗೋಡೆಯ ಮೂಲೆಯಿಂದ, ತಿಚಿನೊ ನದಿಯ ಕಡೆಗೆ, ಹಗ್ಗ ಕಟ್ಟಿ ಇಳಿಸಿದ. ಮೇಯುತ್ತಿದ್ದ ಕುದುರೆಗಳನ್ನು ಹಿಡಿದು ಆಸ್ತಿ, ಅಲ್ಲಿಂದ ಟ್ಯೂರಿನ್, ಆಮೇಲೆ ಆಲ್ಪ್ಸ್ ದಾಟಿ ಫ್ರಾಂಕರ ನಾಡು.

ಒಳಗೆ ಉಳಿದವನು ಬಟ್ಟೆಬರೆ ನೋಡಿಕೊಳ್ಳುವ ಆಳು ಒಬ್ಬನೇ. ಬೆಳಗ್ಗೆ ಬಾಗಿಲು ಬಡಿದವರಿಗೆ, ಒಡೆಯರು ಇನ್ನೂ ಮಲಗಿದ್ದಾರೆ ಎಂದು ಸಾಗಹಾಕುತ್ತಲೇ ಇದ್ದ. ಕೊನೆಗೆ ಅವರು ಬಾಗಿಲು ಒದ್ದು ಮುರಿದು, ಅವನ ಜುಟ್ಟು ಹಿಡಿದು ದೊರೆಯ ಮುಂದೆ ಎಳೆದು ತಂದರು. ಚಿತ್ರಹಿಂಸೆ ಕೊಟ್ಟು ಕೊಲ್ಲಬೇಕೆಂದು ಸಭೆ ಒಂದೇ ದನಿಯಲ್ಲಿ ಹೇಳಿತು. ಗ್ರಿಮೊವಾಲ್ಡ್ ಮಾತ್ರ, ಒಡೆಯನಿಗಾಗಿ ಸಾಯಲು ನಿಂತವನಿಗೆ ಸಲ್ಲಬೇಕಾದದ್ದು ಸನ್ಮಾನ ಎಂದು ಅವನನ್ನು ತನ್ನ ಸೇವೆಗೇ ಸೇರಿಸಿಕೊಂಡ. ಉನುಲ್ಫನನ್ನೂ ಹೊಗಳಿದ. ಇಬ್ಬರೂ ಪೆರ್ಕ್ತರಿತನ ಬಳಿಗೇ ಹೋಗುತ್ತೇವೆಂದಾಗ ಸಾಮಾನು, ಕುದುರೆ ಕೊಟ್ಟು ಕಳಿಸಿದ. ಆಣೆ ಮುರಿಯಲು ಹೊರಟವನೇ ನಿಷ್ಠೆಗೆ ತಲೆದೂಗುತ್ತಾನೆ! ಈ ಮನುಷ್ಯನನ್ನು ಯಾವ ಸಾಲಿಗೆ ಸೇರಿಸುವುದೋ ತಿಳಿಯದು.

ಗ್ರಿಮೊವಾಲ್ಡ್ 671ರಲ್ಲಿ ಸತ್ತ. ಪೆರ್ಕ್ತರಿತ್ ಮರಳಿ ಪಟ್ಟಕ್ಕೆ ಬಂದ, ಹೆಂಡತಿ ಮಗನನ್ನು ಬೆನೆವೆಂತೊದಿಂದ ಕರೆಸಿಕೊಂಡ, 688ರಲ್ಲಿ ಸಾಯುವ ತನಕ ಆಳಿದ.

ಗಾದೆಯ ‘ಮುಪ್ಪಿನ ತನಕ’ ಎಂಬ ಮಾತಿನ ಪರೀಕ್ಷೆ ನಡೆದದ್ದು 679ರಲ್ಲಿ. ಪೀಠ ಕಳೆದುಕೊಂಡ ಯಾರ್ಕಿನ ಬಿಷಪ್ ವಿಲ್ಫ್ರಿಡ್ ಪೋಪ್ ಅಗಾತೋಗೆ ದೂರು ಕೊಡಲು ರೋಮಿಗೆ ಹೊರಟು ಇವನ ನಾಡಿಗೆ ಬಂದ. ಹಿಡಿದಿಟ್ಟರೆ ದೊಡ್ಡ ಕಾಣಿಕೆ ಕೊಡುತ್ತೇವೆಂದು ವಿಲ್ಫ್ರಿಡನ ವೈರಿಗಳು ಪೆರ್ಕ್ತರಿತನಿಗೆ ಹೇಳಿಕಳಿಸಿದ್ದರು. ಅವನು ಒಪ್ಪಲಿಲ್ಲ. ಕಾರಣವನ್ನು ಅತಿಥಿಗೆ ತಾನೇ ಹೇಳಿದನೆಂದು ವಿಲ್ಫ್ರಿಡನ ಚರಿತೆ ಬರೆದ ಸ್ಟೀಫನ್ ದಾಖಲಿಸಿದ್ದಾನೆ: ಪ್ರಾಯದಲ್ಲಿ ದೇಶಭ್ರಷ್ಟನಾಗಿದ್ದಾಗ ಅನ್ಯಧರ್ಮದ ಒಬ್ಬ ದೊರೆ, ಕೊಳಗದ ತುಂಬ ಚಿನ್ನದ ನಾಣ್ಯ ಕೊಡುತ್ತೇವೆಂದರೂ, ತನ್ನ ದೇವರ ಮೇಲಿನ ಆಣೆಗೆ ಕಟ್ಟುಬಿದ್ದು ನನ್ನನ್ನು ವೈರಿಗಳಿಗೆ ಒಪ್ಪಿಸಲಿಲ್ಲ, ನಾನು ಹೇಗೆ ಒಪ್ಪಿಸಲಿ?

ಅವಾರ ದೊರೆ ಎಲ್ಲಿಗಾದರೂ ಹೋಗು ಎಂದು ಅವನನ್ನು ಕಳಿಸಿಬಿಟ್ಟ ಎಂಬುದು ಪೌಲನ ಮಾತು. ಎರಡೂ ನಿಜವಿದ್ದೀತು. ಹೊರಗೆ ಕಳಿಸಿದ್ದನ್ನು ಪೆರ್ಕ್ತರಿತ್ ಮರೆತ, ಹಿಡಿದು ಕೊಡದೆ ಇದ್ದದ್ದನ್ನು ನೆನಪಿಟ್ಟ. ಅದನ್ನು ಆ ದೊರೆಯನ್ನು ಕಂಡೇ ಇರದ ಇಂಗ್ಲಿಷ್ ಬಿಷಪನಿಗೆ ತೀರಿಸಿದ.

ಈ ನೆನಪಿನ ಕೈ ಎಲ್ಲರವರೆಗೂ ಚಾಚಲಿಲ್ಲ. ತನ್ನ ರಾಜ್ಯದ ಯಹೂದಿಗಳಿಗೆ ದೀಕ್ಷಾಸ್ನಾನವೋ ಕತ್ತಿಯೋ ಎಂದು ಆಜ್ಞೆ ಮಾಡಿದವನೂ ಇವನೇ. ಹತ್ತಾರು ವರ್ಷಗಳ ನಂತರದ ಒಂದು ಲ್ಯಾಟಿನ್ ಪದ್ಯ ಅದನ್ನು ಹೊಗಳಿಕೆಯೆಂದೇ ಹೇಳುತ್ತದೆ.

ತಿಚಿನೊ ದಡದಲ್ಲಿ, ಹಿಂದೆ ತಾನು ತಪ್ಪಿಸಿಕೊಂಡ ಜಾಗದಲ್ಲೇ, ಅವನು ಸಂತ ಅಗಾತೆಯ ಹೆಸರಿನ ಸನ್ಯಾಸಿನಿಯರ ಮಠ ಕಟ್ಟಿಸಿದ. ಸಾವಿರ ವರ್ಷ ಕಳೆದು, 1725ರಲ್ಲಿ, ರೊಡೆಲಿಂಡಳ ಹೆಸರಿನಲ್ಲಿ ಹ್ಯಾಂಡೆಲ್ ಲಂಡನ್ನಿನಲ್ಲಿ ಒಂದು ಗೀತನಾಟಕವನ್ನೇ ಆಡಿಸಿದ. ಮೇಜಿನ ಕೆಳಗೆ ತಲೆ ಬಾಗಿಸಿದವನ ಹೆಸರು ಮಾತ್ರ ಪೌಲನ ಪುಸ್ತಕದಲ್ಲಿಲ್ಲ. ಬಾಗಿಲ ಹಿಂದೆ ನಿಂತು ಸುಳ್ಳು ಹೇಳಿದವನದ್ದೂ ಇಲ್ಲ.